ಮದ್ದು ಬಿಟ್ಟವರು ಯಾರು?

ಈ ವಾರ ಹೇಳುವುದೆಲ್ಲ ನಿಜವಾಗಿ ನಡೆದದ್ದು. ನಡೆಯದೆ ನಿಂತದ್ದು ಒಂದೇ, ನನ್ನ ಸ್ಕೂಟರು. ಸುಳ್ಯದಿಂದ ಹೊರಟ ಅದು ಕಡಬ ಪೇಟೆಯಲ್ಲಿ ಉಸಿರು ಬಿಟ್ಟಿತು. ಉಳಿದ ಒಂದು ಕಿಲೋಮೀಟರನ್ನು ನಾನೂ ಪ್ರೇಮಾವತಿ ಟೀಚರೂ ನಡೆದೇ ಮುಗಿಸಿದೆವು. ಹಾಗಾಗಿ ಇದು ನಡೆದ ಕಥೆಯೆಂದು ಆಣೆ ಹಾಕಿ ಹೇಳಬಲ್ಲೆ. ಸಾಕ್ಷಿ ಬೇಕಾದರೆ ಟೀಚರ ಚಪ್ಪಲಿ ಉಂಟು.

“ಬಂತು ಮಾರಾಯ, ಬಂತು! ಹೋಬಳಿ ಬಂತು!”

ನಮ್ಮನ್ನು ಕಂಡದ್ದೇ ಬೋಜಪ್ಪನವರು ಲುಂಗಿ ಎತ್ತಿ ಕಟ್ಟಿ ಗೇಟಿನವರೆಗೆ ಓಡಿಬಂದರು. ಪ್ರಾಯ ಎಪ್ಪತ್ತೆರಡು. ಸೈನ್ಯದ ಮೆಸ್ಸಿನಲ್ಲಿ ಇಪ್ಪತ್ತು ವರ್ಷ ಅಧಿಕಾರಿಗಳಿಗೆ ಗ್ಲಾಸು ತುಂಬಿಸಿದ ಕೈ, ಯಾರಿಗೂ ಬಗ್ಗದ ಮೀಸೆ.

ಹೋಬಳಿ ಎಂದರೆ ಕಂದಾಯ ಇಲಾಖೆಯದ್ದಲ್ಲ. ಹಾಬ್ಲೀಸ್ ಲಂಡನ್ ಡ್ರೈ ಜಿನ್, ತಯಾರಾದದ್ದು 1959ರಲ್ಲಿ. ಬೋಜಪ್ಪನವರ ನಾಲಗೆಯ ಮೇಲೆ ಉರುಳಿ ಉರುಳಿ ಹಾಬ್ಲೀಸ್ ಹೋಬಳಿಯಾಗಿತ್ತು. ಒಂಬತ್ತು ದಿನದ ಹಿಂದೆ ಕಪಾಟಿನಿಂದ ಕಾಣೆಯಾಗಿದ್ದ ಆ ಕುಪ್ಪಿ, ಈ ಬೆಳಿಗ್ಗೆ ಮೆಟ್ಟಿಲ ಮೇಲೆ ಹಾಲಿನ ಪ್ಯಾಕೆಟಿನ ಪಕ್ಕದಲ್ಲಿ ಸಾಧುವಾಗಿ ಕೂತಿತ್ತಂತೆ.

“ಸೀಲ್ ಹಾಗೇ ಉಂಟು ಟೀಚರೇ. ಕೇಸು ಮುಗೀತು. ಚಾ ಕುಡ್ದು ಹೋಗಿ.”

“ಚಾ ಕುಡಿಯುವ. ಕೇಸಿನ ವಿಷಯ ಆಮೇಲೆ ಹೇಳ್ತೇನೆ,” ಎಂದರು ಟೀಚರು.

ಪ್ರೇಮಾವತಿ ಟೀಚರು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೆ ಕಳೆದುಹೋದದ್ದನ್ನು ಹುಡುಕಿ ಕೊಡುತ್ತಾರೆ. ಅವರು ಎರಡು ಸಲ ಫೇಲು ಮಾಡಿದ್ದರಿಂದ ಬಿ.ಎ.ಗೆ ಹಾರಿದವನು ನಾನು, ಲತೀಶ. ಮದುವೆ ಮಂಟಪಗಳಲ್ಲಿ ಮಿಮಿಕ್ರಿ ಮಾಡುತ್ತೇನೆ, ಉಳಿದ ದಿನ ಟೀಚರ ನೋಟ್‌ಬುಕ್ಕು ಹೊರುತ್ತೇನೆ.

ಚಾವಡಿಯ ಗೋಡೆ ತುಂಬ ಗಾಜಿನ ಕಪಾಟು. ಅದರಲ್ಲಿ ಹಳೇ ಜಿನ್ನಿನ ನಲವತ್ತೊಂದು ಕುಪ್ಪಿಗಳು. ಹಸಿರು, ಬಿಳಿ, ಚೌಕ, ದುಂಡು; ಕೆಲವಕ್ಕೆ ಕಾರ್ಕು, ಕೆಲವಕ್ಕೆ ಒತ್ತಿದರೆ ಟಕ್ಕೆಂದು ಮೇಲೇಳುವ ಸ್ಪ್ರಿಂಗ್ ಮುಚ್ಚಳ. ಅವುಗಳಲ್ಲಿ ನಲವತ್ತು ಖಾಲಿ. ಬೋಜಪ್ಪನವರದು ಕುಡಿಯುವ ಚಟವಲ್ಲ, ಕೂಡಿಸುವ ಚಟ. ಎಲ್ಲಾದರೂ ತಳದಲ್ಲಿ ನಾಲ್ಕು ಹನಿ ಉಳಿದ ಹಳೇ ಕುಪ್ಪಿ ಸಿಕ್ಕಿದರೆ ವರ್ಷಕ್ಕೊಮ್ಮೆ ಮೂವರು ಗೆಳೆಯರು ಕೂತು, ಮದ್ದಿನ ಔನ್ಸ್ ಗ್ಲಾಸಿನಲ್ಲಿ ಅಳೆದು, ನಾಲಗೆಗೆ ತಾಗಿಸಿ, ಅರ್ಧ ದಿನ ಅದರ ರುಚಿ ಮಾತಾಡುತ್ತಾರೆ.

ಕಪಾಟಿನ ಮೇಲೆ ಬೋಜಪ್ಪನವರ ದಿವಂಗತ ಪತ್ನಿ ಪೂವಕ್ಕನ ಫೋಟೋ. ಏನೋ ತಮಾಷೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾದವನು ಕ್ಲಿಕ್ ಮಾಡಿದ ಹಾಗಿನ ಮುಖ.

ತುಂಬಿದ ಕುಪ್ಪಿ ಎಂದರೆ ಹೋಬಳಿ ಒಂದೇ. ಐವತ್ತು ವರ್ಷದ ಹಿಂದೆ ರೆಜಿಮೆಂಟಿನ ಹಳೇ ಮೆಸ್ಸು ಮುಚ್ಚಿದ ದಿನ ಕರ್ನಲ್ ಸಾಹೇಬರು ಅದನ್ನು ಇಬ್ಬರು ಹುಡುಗರ ಕೈಗಿಟ್ಟಿದ್ದರು. ಒಬ್ಬರು ಬೋಜಪ್ಪ, ಇನ್ನೊಬ್ಬರು ಸುಳ್ಯದ ಕುಕ್ಕಪ್ಪ. ಐವತ್ತು ವರ್ಷ ತುಂಬಿದ ದಿನ ಇಬ್ಬರೂ ಕೂತು ತೆರೆಯುವುದೆಂದು ಮಾತಾಗಿತ್ತು. ಆ ದಿನಕ್ಕೆ ಇನ್ನು ಹನ್ನೊಂದು ದಿನ ಬಾಕಿ.

ಟೀಚರು ಕುಪ್ಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಜಿನ್ ಲೇಬಲ್ಲಿನ ಮೇಲಂಚಿಗೆ ಸರಿಯಾಗಿ ಇತ್ತು ಅಂತ ನೀವೇ ಹೇಳಿದ್ದಲ್ವಾ ಬೋಜಪ್ಪಣ್ಣ?”

“ಹೌದು. ದಿನಾ ನೋಡ್ತೇನೆ ನಾನು.”

“ಈಗ ಒಂದು ನೂಲು ಕೆಳಗೆ ಉಂಟು.”

ಬೋಜಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮೀಸೆ ಸ್ವಲ್ಪ ಇಳಿಯಿತು. “ಆವಿ ಆಗಿರ್ಬಹುದು.”

“ಐವತ್ತು ವರ್ಷದಲ್ಲಿ ಆಗದ ಆವಿ ಒಂಬತ್ತು ದಿನದಲ್ಲಿ ಆಗ್ತದಾ?”

“ಜಿನ್ ಅಲ್ವಾ ಟೀಚರೇ, ಜಿನುಗಿರ್ಬಹುದು,” ಎಂದೆ ನಾನು.

ಯಾರೂ ನಗಲಿಲ್ಲ. ಫೋಟೋದಲ್ಲಿ ಪೂವಕ್ಕ ಮಾತ್ರ.

ಟೀಚರು ಭೂತಗನ್ನಡಿ ತೆಗೆದರು. ಹೋಬಳಿಯ ಸ್ಪ್ರಿಂಗ್ ಮುಚ್ಚಳದ ಸುತ್ತ ಒಂದು ತೆಳ್ಳಗಿನ ತಗಡಿನ ಪಟ್ಟಿ, ಅದೇ ಸೀಲು. ಪಟ್ಟಿ ಎಲ್ಲೂ ಹರಿದಿರಲಿಲ್ಲ. ಆದರೆ ಅದರ ಕೆಳಗಂಚಿನಲ್ಲಿ ಒಂದು ಕಡೆ, ಇರುವೆಯ ಕಾಲಿನಷ್ಟು ಉದ್ದಕ್ಕೆ, ನೀಲಿ.

ಟೀಚರು ಹಲ್ಲುಕಡ್ಡಿಯಿಂದ ಅದನ್ನು ಕೆರೆದು ಬಿಳಿ ಕಾಗದದ ಮೇಲೆ ಹಾಕಿದರು. ಮೂಸಿದರು. ನನ್ನ ಕಡೆ ತಿರುಗಿದರು.

“ಇದೆಂತ?”

ಹತ್ತು ವರ್ಷ ಹಿಂದಿನ ವೈವಾ ಪರೀಕ್ಷೆಯ ಬೆವರು ಮತ್ತೆ ಬಂತು. “ಶಾಯಿಯಾ ಟೀಚರೇ?”

“ಅದಕ್ಕೇ ನೀನು ಬಿ.ಎ.! ಮೈಲುತುತ್ತು ಇದು. ಸುಣ್ಣವೂ ಸೇರಿದೆ. ನೋಟ್‌ಬುಕ್ಕು ತೆಗಿ. ಕುಕ್ಕಪ್ಪನವರ ಪುಟ ಓದು.”

ಓದಿದೆ. “ಕುಕ್ಕಪ್ಪ. ಮದ್ದು ಬಿಟ್ಟಿದ್ದಾರೆ. ಮೈಕೈ ನೋವು, ಮಲಗಿದ್ದಾರೆ. ಶಂಕೆ ಇಲ್ಲ.”

“ಹೇಳಿದ್ದು ಯಾರು?”

“ಅವರ ಹೆಂಡತಿ, ಫೋನಲ್ಲಿ. ಅವರಿಗೆ ಶುಗರ್ ಉಂಟಲ್ಲ, ಮಾತ್ರೆ ನಿಲ್ಲಿಸಿದ್ದಕ್ಕೆ ಸುಸ್ತಾಗಿ...”

“ಲತೀಶ, ಈಗ ಯಾವ ತಿಂಗಳು?”

“ಜೂನ್.”

“ಜೂನ್ ತಿಂಗಳಲ್ಲಿ, ಮಳೆ ಮೂರು ದಿನ ಬಿಡುವು ಕೊಟ್ಟಾಗ, ಸುಳ್ಯದ ಒಂದು ಮನೆಯಲ್ಲಿ ‘ಅವರು ಮದ್ದು ಬಿಟ್ಟಿದ್ದಾರೆ’ ಅಂತ ಹೇಳಿದ್ರೆ ಎಂತ ಅರ್ಥ?”

ನಾನು ನಾಲಗೆ ಕಚ್ಚಿಕೊಂಡೆ. ಸುಳ್ಯ, ಕಡಬ, ಪುತ್ತೂರು, ನಮ್ಮ ಈ ಮೂರು ತಾಲೂಕಿನಲ್ಲಿ ಆ ತಿಂಗಳು ಮದ್ದು ಬಿಡುವುದೆಂದರೆ ಅಡಿಕೆಯ ಗೊನೆಗೆ ಬಿಡುವುದು. ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿ ಪಂಪಿನಲ್ಲಿ ಹೊಡೆಯುವುದು. ಇಡೀ ಊರು ಮದ್ದು ಬಿಡುವಾಗ ನಾನೊಬ್ಬನೇ ಮಾತ್ರೆ ಬಿಡಿಸಿದ್ದೆ! ಪದಗಳ ಕಿವಿ ಹಿಂಡಿ ಹೊಟ್ಟೆ ಹೊರೆಯುವವನ ಕಾಲಡಿಯಲ್ಲೇ ಒಂದು ಶ್ಲೇಷೆ ಬಿದ್ದಿತ್ತು. ಅದನ್ನು ತುಳಿದುಕೊಂಡೇ ಒಂಬತ್ತು ದಿನ ಓಡಾಡಿದ್ದೆ.

“ಅಂದ್ರೆ ಕುಕ್ಕಪ್ಪಣ್ಣನ ಉಗುರು ನೀಲಿ,” ಎಂದೆ.

“ಈ ತಿಂಗಳು ಅರ್ಧ ಊರಿನ ಉಗುರು ನೀಲಿಯೇ. ಅದೊಂದೇ ಸಾಕಾಗುದಿಲ್ಲ. ಬೋಜಪ್ಪಣ್ಣ, ಈ ಪಟ್ಟಿ ಹರಿಯದ ಹಾಗೆ ತೆಗಿಲಿಕ್ಕೆ ಬರ್ತದಾ?”

ಬೋಜಪ್ಪನವರು ಕುರ್ಚಿಯಲ್ಲಿ ಕೂತರು. ಓಡಿಬಂದಿದ್ದ ಮನುಷ್ಯ ಈಗ ನಿಧಾನಕ್ಕೆ ಉಸಿರಾಡುತ್ತಿದ್ದರು.

“ಬಿಸಿ ಹಬೆ ಹಿಡಿದ್ರೆ ಸಡಿಲ ಆಗ್ತದೆ. ಮೆಲ್ಲ ತಿರುಗಿಸಿ ಜಾರಿಸುದು. ಮೆಸ್ಸಿನಲ್ಲಿ ಕಲಿತದ್ದು. ಆ ಕೆಲಸ ಗೊತ್ತಿರುದು ನನಗೆ, ಮತ್ತೆ ಅವನಿಗೆ.” ಕನ್ನಡಕ ತೆಗೆದು ಹೇಳಿದರು, “ಕೇಳಿದ್ರೆ ಇಡೀ ಕುಪ್ಪಿ ಕೊಡ್ತಿದ್ದೆ. ಕದ್ದು ಕುಡಿದು ನೀರು ತುಂಬಿಸಿದ್ದಾನೆ ಅಂತ ಆದ್ರೆ ಮತ್ತೆ ಅವನ ಮನೆ ಮೆಟ್ಟಿಲು ನಾನು ಹತ್ತುದಿಲ್ಲ ಟೀಚರೇ. ಐವತ್ತು ವರ್ಷ ಆಯ್ತು, ಅವನು ನನಗೆ ಒಂದು ಸುಳ್ಳು ಹೇಳಿದವನಲ್ಲ.”

“ಹಾಗಾದ್ರೆ ತೆರೆದು ನೋಡುವ,” ಎಂದೆ.

“ಮುಟ್ಟಿದ್ರೆ ಜಾಗ್ರತೆ! ದಿನ ಬರದೆ ಸೀಲ್ ಒಡೆಯುದಿಲ್ಲ.”

ಕುಪ್ಪಿಯ ಸೀಲ್ ಶಂಕಿಸಿದರೆ ಅವರಿಗೆ ಶೀಲ ಶಂಕಿಸಿದಷ್ಟೇ ಕೋಪ.

ಅಷ್ಟರಲ್ಲಿ ಅವರ ಸೊಸೆ ಭವಿತಾ ಚಾ ತಂದರು. ಸೀರೆಗೆ ಒಂದು ಬ್ಯಾಡ್ಜು: ‘ಮದ್ಯವರ್ಜನ ಶಿಬಿರ, ಸವಣೂರು. ಸ್ವಯಂಸೇವಕಿ.’ ಮಾವನ ಚಾವಡಿಯಲ್ಲಿ ಜಿನ್ನಿನ ನಲವತ್ತೊಂದು ಕುಪ್ಪಿ, ಸೊಸೆಯ ಶಿಬಿರದಲ್ಲಿ ಕುಡಿತ ಬಿಡಲು ಬಂದ ನಲವತ್ತೆರಡು ಜನ. ಒಂದರ ಅಂತರದಲ್ಲಿ ಸೊಸೆಯದು ಮೇಲುಗೈ.

“ಭವಿತಾ, ಮನೆಯಲ್ಲಿ ಓಮದ ನೀರು ಉಂಟಾ?” ಎಂದು ಟೀಚರು ಕೇಳಿದರು.

“ಉಂಟು ಟೀಚರೇ. ಅತ್ತೆಯೇ ಭಟ್ಟಿ ಇಳಿಸಿದ್ದು. ಕೊನೆಗೆ ಎರಡು ಕುಪ್ಪಿ ಉಳಿದಿತ್ತು. ಈಗ ಒಂದುಂಟು. ಹೊಟ್ಟೆ ಸರಿ ಇಲ್ವಾ?”

“ನನ್ನದು ಸರಿ ಉಂಟು. ಬೇರೊಬ್ಬರ ಹೊಟ್ಟೆಯಲ್ಲಿ ಇದ್ದದ್ದನ್ನು ಹೊರಗೆ ತೆಗಿಲಿಕ್ಕುಂಟು.”

ಟೀಚರ ಉಪಾಯ ಹೀಗಿತ್ತು. ಕಪಾಟಿನಲ್ಲಿ ಹೋಬಳಿಯ ತದ್ರೂಪದ ಒಂದು ಖಾಲಿ ಕುಪ್ಪಿ ಇತ್ತು. ಅದಕ್ಕೆ ಜಿನ್ನಿನಷ್ಟೇ ತಿಳಿಯಾದ ಓಮದ ನೀರು ತುಂಬಿಸಿ, ಇದೇ ಹೋಬಳಿ, ಇವತ್ತೇ ತೆರೆದೆವು ಎಂದು ಬಡಿಸುವುದು. ಕುಪ್ಪಿಗೆ ಕೈ ಹಾಕದವನು ಒಂದು ಗುಟುಕಿಗೇ “ಇದು ಜಿನ್ ಅಲ್ಲ” ಎಂದು ಬೊಬ್ಬೆ ಹೊಡೆಯುತ್ತಾನೆ. ಕೈ ಹಾಕಿದವನಿಗೆ ಒಳಗೆ ಜಿನ್ ಇಲ್ಲವೆಂದು ಮೊದಲೇ ಗೊತ್ತು. ಅವನು ಬಾಯಿ ಮುಚ್ಚಿ ಕೂರುತ್ತಾನೆ, ಇಲ್ಲವೇ ಹೊಗಳುತ್ತಾನೆ.

“ಲಿಟ್ಮಸ್ ಕಾಗದದ ಹಾಗೆ,” ಎಂದರು ಟೀಚರು. “ಇದಾದ್ರೂ ನೆನಪುಂಟಾ?”

“ಕುಕ್ಕಪ್ಪನನ್ನು ಕರೀಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ,” ಎಂದರು ಬೋಜಪ್ಪನವರು. “ಅವನ ಹತ್ರ ಸುಳ್ಳು ಹೇಳುವಾಗ ನಾಲಗೆ ತಿರುಗುದಿಲ್ಲ.”

ಎಲ್ಲರೂ ನನ್ನ ನಾಲಗೆಯ ಕಡೆ ನೋಡಿದರು.

ನಾನು ಗಂಟಲು ಸರಿಮಾಡಿ, ಇಲ್ಲದ ಮೀಸೆ ತಿರುವಿ, ಬೋಜಪ್ಪನವರ ಫೋನಿನಿಂದಲೇ ಕರೆ ಮಾಡಿದೆ.

“ಹಲೋ, ನಾನೋ! ಬೋಜಪ್ಪ. ಹೋಬಳಿ ಸಿಕ್ಕಿತು ಮಾರಾಯ!”

ಆ ಕಡೆ ಕುಕ್ಕಪ್ಪನವರು ಕೆಮ್ಮಿದರು. “ಹಾಂ... ಒಳ್ಳೆದಾಯ್ತು.”

“ಇನ್ನು ಕಾಯ್ಲಿಕ್ಕೆ ಧೈರ್ಯ ಇಲ್ಲ. ಇವತ್ತೇ ತೆರೆಯುದು. ನಾಲ್ಕು ಗಂಟೆಗೆ ಬಾ ಕುಕ್ಕಪ್ಪಾ.”

“ಇವತ್ತೇ ಬೇಕಾ?”

“ಇವತ್ತೇ.”

“ನಿನ್ನ ಸ್ವರಕ್ಕೆ ಎಂತ ಆಯ್ತು?”

“ಶೀತ ಮಾರಾಯ.”

“ಓಮದ ನೀರು ಕುಡಿ. ನಿಮ್ಮಲ್ಲಿ ‘ಬೇಕಾದಷ್ಟು’ ಉಂಟಲ್ಲ,” ಎಂದು ಫೋನಿಟ್ಟರು.

ಟೀಚರ ಹುಬ್ಬು ಮೇಲೆ ಹೋಯಿತು. “ಓಮ ಅಂದ್ರಾ? ಬರ್ಕೊ.”

ಬೋಜಪ್ಪನವರು ಬೇರೆಯೇ ಚಿಂತೆಯಲ್ಲಿದ್ದರು. “ನನ್ನ ಸ್ವರ ಇಷ್ಟು ಒರಟಾ?”

“ಇಲ್ಲ ಮಾವ,” ಎಂದರು ಭವಿತಾ. “ಲತೀಶಣ್ಣ ಸ್ವಲ್ಪ ಮೆತ್ತಗೆ ಮಾಡಿದ್ದು.”

ಮೂರೂಮುಕ್ಕಾಲಿಗೇ, ಅದೇ ಕರೆ ಹೋಗಿದ್ದ ಪುತ್ತೂರಿನ ಕೃಷ್ಣಮೋಹನ ಹಾಜರು. ಹಳೇ ಸಾಮಾನಿನ ವ್ಯಾಪಾರಿ, ಮೂವರು ಗೆಳೆಯರಲ್ಲಿ ಮೂರನೆಯವರು, ನಮ್ಮ ಶಂಕಿತರ ಪಟ್ಟಿಯಲ್ಲಿ ಎರಡನೆಯವರು. ಹೋಬಳಿಯನ್ನು ಮಾರುತ್ತೀರಾ ಎಂದು ಮೂರು ಸಲ ಕೇಳಿದ್ದರು. ಕುಪ್ಪಿ ಕಾಣೆಯಾದ ದಿನ ಈ ಮನೆಗೆ ಬಂದೂ ಹೋಗಿದ್ದರು. ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ ಸ್ವಂತ ಗ್ಲಾಸನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದರು. ಉಗುರುಗಳನ್ನು ನೋಡಿದೆ, ಹಾಲಿನ ಹಾಗೆ ಬೆಳ್ಳಗೆ.

ಕುಕ್ಕಪ್ಪ ಬಂದದ್ದು ನಾಲ್ಕೂಕಾಲಿಗೆ. ಸಣಕಲು ಮನುಷ್ಯ. ಎರಡೂ ಕೈಗಳನ್ನು ಪ್ಯಾಂಟಿನ ಕಿಸೆಯೊಳಗೆ ಹುಗಿದುಕೊಂಡಿದ್ದರು. ಬೋಜಪ್ಪನವರ ಮುಖ ನೋಡಲಿಲ್ಲ. ಮೇಜಿನ ಮೇಲೆ ಮುಚ್ಚಳ ತೆರೆದು ನಿಂತಿದ್ದ ಹಸಿರು ಕುಪ್ಪಿಯನ್ನು ನೋಡಿದರು, ಪಕ್ಕದ ತಟ್ಟೆಯಲ್ಲಿದ್ದ ಔನ್ಸ್ ಗ್ಲಾಸುಗಳನ್ನು ನೋಡಿದರು. ಬಾಗಿಲಲ್ಲೇ ನಿಂತರು.

“ತೆರೆದೇ ಬಿಟ್ಟೆಯಾ?”

“ತೆರೆದೆ,” ಎಂದರು ಬೋಜಪ್ಪ. ಅಷ್ಟು ಹೇಳಲಿಕ್ಕೇ ಅವರಿಗೆ ಬೆವರು ಬಂತು.

ಮೊದಲ ಗುಟುಕು ಕೃಷ್ಣಮೋಹನರದು. ಗ್ಲಾಸನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಗನ್ನು ಒಳಗೆ ಬಿಟ್ಟು ತೆಗೆದರು. ಸ್ವಲ್ಪ ಕುಡಿದು ಕಣ್ಣು ಮುಚ್ಚಿದರು. ನಾನೂ ಟೀಚರೂ ಮುಂದಕ್ಕೆ ಬಗ್ಗಿದೆವು.

“ಆಹಾ,” ಎಂದರು. “ಮೊದಲಿಗೆ ನಿಂಬೆಯ ಸಿಪ್ಪೆ. ಮಧ್ಯದಲ್ಲಿ ಕೊತ್ತಂಬರಿ. ಕೊನೆಗೆ... ಕೊನೆಗೆ ಲಂಡನ್ನಿನ ಮಂಜು. ಅರುವತ್ತು ವರ್ಷದ ಜಿನ್ನಿಗೆ ಮಾತ್ರ ಇಂಥ ಮಂಜು ಬರುದು!”

ಟೀಚರು ನನ್ನನ್ನು ನೋಡಿದರು. ಲಿಟ್ಮಸ್ ತಪ್ಪು ಮನುಷ್ಯನ ಕೈಯಲ್ಲಿ ಬಣ್ಣ ಬದಲಿಸಿತ್ತು! ಕೃಷ್ಣಮೋಹನ ಕಳ್ಳರೋ, ಅಥವಾ ಇಷ್ಟು ವರ್ಷ ರುಚಿಯೇ ಗೊತ್ತಿಲ್ಲದೆ ತಲೆದೂಗಿದವರೋ?

“ಎರಡನೆಯದ್ದು,” ಎಂದು ಟೀಚರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಕಳ್ಳನಾಗಿದ್ರೆ ಇಷ್ಟು ಉದ್ದ ಹೊಗಳ್ತಿರ್ಲಿಲ್ಲ.”

ಈಗ ಕುಕ್ಕಪ್ಪನವರ ಸರದಿ. ಅವರು ಕಿಸೆಯಿಂದ ಕೈ ತೆಗೆಯಲೇಬೇಕಾಯಿತು. ಬಲಗೈಯ ಹೆಬ್ಬೆರಳಿನ ಉಗುರು, ತೋರುಬೆರಳಿನ ಉಗುರು ನೀಲಿ. ಗ್ಲಾಸು ಎತ್ತಿದರು. ಮೂಸಿದ್ದೇ ಮೂಗು ಹಿಂದೆ ತೆಗೆದರು. ಆದರೂ ಕುಡಿದರು. ಕುಡಿದು ಬೋಜಪ್ಪನವರ ಮುಖವನ್ನು ಮೊದಲ ಸಲ ನೋಡಿದರು.

“ನಿನಗೂ ಗೊತ್ತಾಯ್ತಲ್ಲ ಬೋಜಪ್ಪ.”

“ಎಂತದ್ದು?”

“ಕುಪ್ಪಿಯಲ್ಲಿ ಇದ್ದದ್ದು ಓಮ ಅಂತ.”

ಕೃಷ್ಣಮೋಹನರ ಕೈಯಿಂದ ಲಂಡನ್ನಿನ ಮಂಜು ಮೇಜಿನ ಮೇಲೆ ಚೆಲ್ಲಿತು.

“ಕುಕ್ಕಪ್ಪಣ್ಣ,” ಎಂದರು ಟೀಚರು, ತರಗತಿಯಲ್ಲಿ ಕೊನೇ ಬೆಂಚಿನವನನ್ನು ಎಬ್ಬಿಸುವ ಸ್ವರದಲ್ಲಿ. “ಈ ಕುಪ್ಪಿ ಬೇರೆ. ಇದಕ್ಕೆ ಓಮ ತುಂಬಿಸಿದ್ದು ನಾವು, ಮಧ್ಯಾಹ್ನ. ಹೋಬಳಿ ಕಪಾಟಿನಲ್ಲಿ ಬೀಗದ ಒಳಗೆ ಉಂಟು. ಅದರಲ್ಲಿ ಓಮ ಇದ್ದದ್ದು ನಿಮಗೆ ಹೇಗೆ ಗೊತ್ತು?”

ಕುಕ್ಕಪ್ಪ ನೀಲಿ ಉಗುರಿನ ಕೈಯನ್ನು ಮೇಜಿನ ಮೇಲೆ ಚಾಚಿ ಇಟ್ಟರು.

“ತೆಗೆದದ್ದು ನಾನೇ,” ಎಂದರು ಕುಕ್ಕಪ್ಪ. “ಸುಳ್ಳು ಹೇಳುದಿಲ್ಲ. ತೋಟಕ್ಕೆ ಮದ್ದು ಬಿಡುವ ದಿನ. ಮರ ಹತ್ತುವವರು ಬೇರೆ, ಬ್ಯಾರೆಲ್ಲಿನಲ್ಲಿ ಕಲಸುದು ನಾನು. ಆಗ ಡಾಕ್ಟರ ಫೋನು ಬಂತು. ಸೋಮವಾರ ಮಂಗಳೂರಿನಲ್ಲಿ ಹಾರ್ಟಿನ ಆಪರೇಷನ್. ನಮ್ಮ ದಿನಕ್ಕಿಂತ ಮೊದಲು. ಟೇಬಲ್ಲಿನ ಮೇಲಿಂದ ಎದ್ದು ಬರದಿದ್ರೆ? ಐವತ್ತು ವರ್ಷ ಕಾದು ಒಂದು ಚಮಚ ಸಿಗದೆ ಹೋಗುದಾ? ಕೈ ತೊಳೆಯದೆ ಬಸ್ಸು ಹತ್ತಿದೆ. ನೀನು ತೋಟದಲ್ಲಿದ್ದೆ, ಕಪಾಟಿನ ಬೀಗದ ಕೈ ಫೋಟೋದ ಹಿಂದೆ ಇಡುದು ನನಗೆ ಗೊತ್ತಿತ್ತಲ್ಲ. ಒಂದೇ ಚಮಚ ತೆಗೆದು ಮರುದಿನ ತಂದಿಡ್ತೇನೆ ಅಂತ ಮಾಡಿದ್ದು.”

“ನನ್ನ ಹತ್ರ ಹೇಳ್ಬಹುದಿತ್ತಲ್ಲ!”

“ಆಪರೇಷನ್ ಅಂದ್ರೆ ನೀನು ಅಳ್ತೀಯ. ನೀನು ಅಳುದು ನೋಡ್ಲಿಕ್ಕೆ ನನಗೆ ಆಗುದಿಲ್ಲ. ಆ ಮೀಸೆಗೆ ಅದು ಚಂದ ಕಾಣುದಿಲ್ಲ.”

ಬೋಜಪ್ಪನವರು ಮೀಸೆ ಮುಟ್ಟಿ ನೋಡಿಕೊಂಡರು. ಆದರೆ ಕೋಪ ಇನ್ನೂ ಉಳಿದಿತ್ತು. “ಒಂದು ಚಮಚ ಅಂತೀಯ. ಇಡೀ ಕುಪ್ಪಿ ಓಮ ಹೇಗಾಯ್ತು? ಕುಡಿದು ತುಂಬಿಸಿದ್ದು ನೀನೇ!”

“ತೆರೆದಾಗಲೇ ಓಮ ಇತ್ತು ಮಾರಾಯ! ಒಂಬತ್ತು ದಿನ ನಿದ್ದೆ ಇಲ್ಲ ನನಗೆ. ಹೇಳಿದ್ರೆ ಯಾರು ನಂಬ್ತಾರೆ? ನೀನೇ ನಂಬುದಿಲ್ಲ, ಈಗ ನೋಡು. ಕೊನೆಗೆ ಹಾಗೇ ಮೆಟ್ಟಿಲ ಮೇಲೆ ಇಟ್ಟು ಓಡಿದೆ. ನಾನು ತುಂಬಿಸುದಾದ್ರೆ ಪೂವಕ್ಕನ ಓಮ ನಾನು ಎಲ್ಲಿಂದ ತರ್ಲಿ?”

“ಪೂವಕ್ಕನ ಓಮವಾ?”

“ಮತ್ತೆ ಯಾರದ್ದು? ನನ್ನ ಮೂರು ಮಕ್ಕಳು ಅದನ್ನು ಕುಡಿದೇ ದೊಡ್ಡದಾದದ್ದು. ಲಾವಂಚದ ಬೇರು ಹಾಕಿ ಭಟ್ಟಿ ಇಳಿಸುವವರು ಇಡೀ ಕಡಬದಲ್ಲಿ ಅವರೊಬ್ಬರೇ.”

ಬೋಜಪ್ಪನವರು ಎದ್ದರು. ಕಪಾಟಿನ ಬೀಗ ತೆಗೆದರು. ಹೋಬಳಿಯನ್ನು ತಂದು ಮೇಜಿನ ಮೇಲಿಟ್ಟರು. ಭವಿತಾ ಒಲೆಯ ಮೇಲಿದ್ದ ಕೆಟ್ಲನ್ನೇ ತಂದರು. ಹಬೆಯಲ್ಲಿ ತಗಡಿನ ಪಟ್ಟಿ ಸಡಿಲವಾಯಿತು, ಆ ಮುದಿ ಬೆರಳುಗಳಲ್ಲಿ ಉಂಗುರದ ಹಾಗೆ ತಿರುಗಿ ಜಾರಿತು. ಹನ್ನೊಂದು ದಿನ ಮೊದಲೇ ಮುಚ್ಚಳ ಟಕ್ಕೆಂದಿತು.

ಅವರು ಒಂದು ಚಮಚಕ್ಕೆ ಸುರಿದು ಬಾಯಿಗಿಟ್ಟುಕೊಂಡರು.

ಓಮ. ಅದರ ಹಿಂದೆ ಲಾವಂಚ.

ಚಮಚ ಬಾಯಲ್ಲೇ ಇತ್ತು. ಕಣ್ಣು ಮಾತ್ರ ಮೆಲ್ಲಗೆ ಕಪಾಟಿನ ಮೇಲಿನ ಫೋಟೋದತ್ತ ಹೋಯಿತು.

“ನಾನು ಪೆನ್ಶನ್ ಆಗಿ ಬಂದ ವರ್ಷ,” ಎಂದರು ನಿಧಾನವಾಗಿ. “ಇದನ್ನು ಕಪಾಟಿನಲ್ಲಿ ಇಡುವಾಗ ಅವಳು ಕೇಳಿದಳು, ‘ಯಾವಾಗ ಕುಡಿಯುದು?’ ಅಂತ. ಎಪ್ಪತ್ತೆರಡು ವರ್ಷ ಆದಾಗ ಅಂತ ನಾನು ಹೇಳಿದೆ. ಅದಕ್ಕೆ ಅವಳು ಎಂತ ಹೇಳಿದಳು ಗೊತ್ತುಂಟಾ? ‘ಆ ಪ್ರಾಯಕ್ಕೆ ನಿಮ್ಮಿಬ್ಬರಿಗೂ ಬೇಕಾಗುದು ಓಮದ ನೀರು.’”

ಮೀಸೆ ಮೊದಲು ನಡುಗಿತು. ಆಮೇಲೆ ಹೊಟ್ಟೆ. ಆಮೇಲೆ ಇಡೀ ಬೋಜಪ್ಪ.

“ಪಟ್ಟಿ ಜಾರಿಸುದು ಮೂರನೆಯವರಿಗೂ ಗೊತ್ತಿತ್ತು ಟೀಚರೇ! ಅವಳಿಗೆ ತೋರಿಸಿ ಕೊಟ್ಟದ್ದು ನಾನೇ! ಮೂವತ್ತು ವರ್ಷ... ಮೂವತ್ತು ವರ್ಷ ಓಮದ ನೀರಿಗೆ ಬೀಗ ಹಾಕಿ ಕಾವಲು ಪಾರ ಮಾಡಿದ್ದೇನೆ ನಾನು! ದಿನಾ ಧೂಳು ಒರೆಸಿದ್ದೇನೆ!”

ಕುಕ್ಕಪ್ಪನವರಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನಕ್ಕರು. “ಅಂದ ಹಾಗೆ ಸ್ಟೋರು,” ಎಂದು ಬೋಜಪ್ಪನವರು ಕುಕ್ಕಪ್ಪನ ಬೆನ್ನು ಗುದ್ದಿದರು, “ಸೋಮವಾರ ಮಂಗಳೂರಿಗೆ ನಾನೂ ಬರುದು. ಅಳುದಿಲ್ಲ.”

“ಹಾಂ, ಇದು ನಿನ್ನ ಸ್ವರ. ಬೆಳಿಗ್ಗೆ ಫೋನಲ್ಲಿ ‘ಕುಕ್ಕಪ್ಪಾ’ ಅಂದವನು ಯಾರೋ ಅಂತ ಆಗಲೇ ಅನ್ನಿಸಿತ್ತು. ಐವತ್ತು ವರ್ಷದಲ್ಲಿ ನೀನು ನನ್ನನ್ನು ಹೆಸರು ಹಿಡಿದು ಕರೆದದ್ದುಂಟಾ? ಸ್ಟೋರ್‌ಕೀಪರ್ ಆದ ಮೇಲೆ ನಾನು ಸ್ಟೋರೇ!”

ನನ್ನ ಮಿಮಿಕ್ರಿಯ ಮಾನ ಅಲ್ಲಿಗೆ ಹೋಯಿತು. ಕೃಷ್ಣಮೋಹನರದು ಮೊದಲೇ ಹೋಗಿತ್ತು. ನಾವಿಬ್ಬರೂ ಪರಸ್ಪರ ಸಮಾಧಾನ ಹೇಳಿಕೊಂಡೆವು.

ನಗದೆ ಕೂತವರು ಟೀಚರು. “ಬೋಜಪ್ಪಣ್ಣ, ಒಂದು ಪ್ರಶ್ನೆ ಉಳಿಯಿತು. ಓಮ ಒಳಗೆ ಹಾಕುವಾಗ ಪೂವಕ್ಕ ಹೊರಗೆ ತೆಗೆದ ಜಿನ್ ಎಲ್ಲಿಗೆ ಹೋಯ್ತು? ಚೆಲ್ಲಿರ್ಬಹುದಾ?”

“ಪೂವಿಯಾ? ಮಜ್ಜಿಗೆಯ ಪಾತ್ರೆ ತೊಳೆದ ನೀರನ್ನು ಕೂಡ ಬಸಳೆಗೆ ಎರೆದವಳು ಅವಳು! ಒಂದು ಹನಿ ಚೆಲ್ಲುವ ಜಾತಿ ಅಲ್ಲ.”

“ಹಾಗಾದ್ರೆ ಕುಪ್ಪಿಯ ಬದಲು ಕುಪ್ಪಿ. ಓಮ ಇದ್ದ ಕುಪ್ಪಿಗೆ ಜಿನ್...”

ಟೀಚರ ಮಾತು ಮುಗಿಯುವ ಮೊದಲೇ ಭವಿತಾರ ಕೈಯಲ್ಲಿದ್ದ ಕೆಟ್ಲು ಮೇಜಿನ ಮೇಲೆ ದಡಾರನೆ ಕೂತಿತು.

“ಮಾವಾ... ಅತ್ತೆಯ ಎರಡನೇ ಕುಪ್ಪಿ...”

“ಎಂತ ಆಯ್ತು?”

“ನಿನ್ನೆ ನಾನು ಶಿಬಿರಕ್ಕೆ ಕೊಟ್ಟೆ. ಇಬ್ಬರಿಗೆ ಹೊಟ್ಟೆ ಉಬ್ಬರ ಇತ್ತು ಅಂತ. ಅರಗು ಹಾಕಿ ಮುಚ್ಚಿದ್ದು, ಒಡೆದು ಮೂಸ್ಲಿಲ್ಲ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮರುಕ್ಷಣ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಮದ್ಯವರ್ಜನ ಶಿಬಿರ. 1959ರ ಲಂಡನ್ ಡ್ರೈ.

ಅಷ್ಟರಲ್ಲಿ ಭವಿತಾರ ಫೋನು ಬೊಬ್ಬೆ ಹಾಕಿತು. ಶಿಬಿರದ ಇನ್ನೊಬ್ಬ ಸ್ವಯಂಸೇವಕಿ ಪ್ರೀತಿಕಾ. ಗಡಿಬಿಡಿಯಲ್ಲಿ ಬೆರಳು ಸ್ಪೀಕರಿಗೆ ತಾಗಿತು.

“ಭವಿತಕ್ಕಾ, ನಿಮ್ಮ ಮನೆಯಲ್ಲಿ ಆ ಓಮದ ನೀರು ಇನ್ನೂ ಉಂಟಾ? ನಿನ್ನೆ ಇಬ್ಬರಿಗೆ ಎರಡೆರಡು ಚಮಚ ಕೊಟ್ಟದ್ದು ಅಷ್ಟೇ. ಇವತ್ತು ಬೆಳಿಗ್ಗೆಯಿಂದ ನಲವತ್ತೆರಡು ಜನರಿಗೂ ಹೊಟ್ಟೆನೋವು!”

“ಯಾರಿಗೂ ಕೊಡ್ಬೇಡ ಪ್ರೀತಿಕಾ! ಒಂದು ಹನಿ ಕೊಡ್ಬೇಡ! ಕುಪ್ಪಿ ಎಲ್ಲುಂಟು?”

“ಅದೇ ಅಕ್ಕ ಹೇಳ್ಲಿಕ್ಕೆ ಹೊರಟದ್ದು. ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬೀಗ ಹಾಗೇ ಉಂಟು, ಕುಪ್ಪಿ ಇಲ್ಲ.”

ಟೀಚರು ಎದ್ದು ನಿಂತು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು. ಕೃಷ್ಣಮೋಹನ ತಮ್ಮ ಗ್ಲಾಸನ್ನು ಬೈರಾಸಿನಲ್ಲಿ ಸುತ್ತತೊಡಗಿದರು. ಕುಕ್ಕಪ್ಪನವರಿಗೆ ಡಾಕ್ಟರು ಜೋರಾಗಿ ನಗಬೇಡಿ ಎಂದಿದ್ದರಂತೆ, ಅವರು ಎದೆ ಹಿಡಿದುಕೊಂಡು ಸಣ್ಣಗೆ ನಗುತ್ತಿದ್ದರು. ಭವಿತಾ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಆದರೆ ಪೂವಕ್ಕನ ಫೋಟೋದ ಎದುರು ನಿಂತು, ತಮ್ಮ ಹೆಂಡತಿ ಮೂವತ್ತು ವರ್ಷದ ಹಿಂದೆ ಮಾಡಿಟ್ಟ ತಮಾಷೆಗೆ ಕೈಯೆತ್ತಿ ಸೆಲ್ಯೂಟ್ ಹೊಡೆಯುತ್ತ, ಕಡಬ ಪೇಟೆಯಲ್ಲಿ ಸತ್ತು ಬಿದ್ದಿದ್ದ ನನ್ನ ಸ್ಕೂಟರೂ ಎದ್ದು ಕೂರುವ ಹಾಗೆ ನಕ್ಕವರು ಬೋಜಪ್ಪನವರೇ.